ಬಫರ್‌ನಲ್ಲಿ ಗೆದ್ದು ಬೋರ್‌ವೆಲ್ ನೀರಿನಲ್ಲಿ ಸೋತ ಎಲೆಕ್ಟ್ರೋಡ್: ಒಂದು ನೈಟ್ರೈಟ್ ಸೆನ್ಸರ್‌ನ ಪ್ರಕರಣ

ಬಯಲುಸೀಮೆಯ ಒಂದು ಊರಿನ ರಸಾಯನಶಾಸ್ತ್ರ ವಿಭಾಗದಲ್ಲಿ ನಡೆದದ್ದು ಇದು. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಇಸವಿ ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಇದರಲ್ಲಿ ಮುಖ್ಯವಾಗಿ ಮೂರು ಜನ: ಪಿಎಚ್‌ಡಿ ಮಾಡುತ್ತಿದ್ದ ಸ್ಕಾಲರ್, ಆಕೆಯ ಗೈಡ್, ಲ್ಯಾಬಿನ ಅಟೆಂಡರ್. ನಾನು ಅದೇ ವಿಭಾಗದಲ್ಲಿ ಅನಲಿಟಿಕಲ್ ಕೆಮಿಸ್ಟ್ರಿ ಪಾಠ ಮಾಡುವವನು. ಆಕೆಯ ಕೆಲಸ ಎಷ್ಟು ಮುಂದೆ ಬಂತು ಅಂತ ಆರು ತಿಂಗಳಿಗೊಮ್ಮೆ ನೋಡುವ ಸಮಿತಿಯಲ್ಲಿದ್ದೆ.

ಹಿನ್ನೆಲೆ

ನೀರಿನಲ್ಲಿ ನೈಟ್ರೈಟ್ ಕಂಡರೆ ಸಾಮಾನ್ಯವಾಗಿ ಹತ್ತಿರದಲ್ಲೇ ಕೊಟ್ಟಿಗೆಯೋ ಇಂಗುಗುಂಡಿಯೋ ಇರುತ್ತದೆ. ಗಂಜಲ, ಗೊಬ್ಬರ, ಚರಂಡಿ ನೀರಿನ ಅಮೋನಿಯಾವನ್ನು ಬ್ಯಾಕ್ಟೀರಿಯಾ ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ನೈಟ್ರೈಟ್ ನಡುವಿನ ಮೆಟ್ಟಿಲು, ಅದಕ್ಕೇ ಜಾಸ್ತಿ ದಿನ ಉಳಿಯುವುದಿಲ್ಲ. ಎಳೆ ಮಕ್ಕಳಿಗೆ ಇದು ಅಪಾಯ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡುತ್ತದೆ, ಮಗು ನೀಲಿಗಟ್ಟುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ನಮ್ಮ ಲ್ಯಾಬ್ ಭಾಷೆಯಲ್ಲಿ ಹೇಳಿದರೆ ಸುಮಾರು 65 ಮೈಕ್ರೋಮೋಲಾರ್. ಈ 65 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದನ್ನು ಅಳೆಯುವ ಹಳೆಯ ದಾರಿ ಗ್ರೀಸ್ ಪರೀಕ್ಷೆ. ಇಂಗ್ಲೆಂಡಿನ ಬರ್ಟನ್‌ನಲ್ಲಿ ಬಿಯರ್ ಕಾರ್ಖಾನೆಯ ಕೆಮಿಸ್ಟ್ ಆಗಿದ್ದ ಪೀಟರ್ ಗ್ರೀಸ್ 1879ರಲ್ಲಿ ಕೊಟ್ಟದ್ದು. ಎರಡು ರಾಸಾಯನಿಕ ಹಾಕಿ, ಸ್ವಲ್ಪ ಕಾಯಿರಿ, ನೈಟ್ರೈಟ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಕ್ಷೇತ್ರದ ಪೇಪರ್‌ಗಳೆಲ್ಲ "ಹಳೆಯ ವಿಧಾನಗಳು ದುಬಾರಿ, ನಿಧಾನ" ಅಂತಲೇ ಶುರುವಾಗುತ್ತವೆ. ನಿಜ ಹೇಳಬೇಕೆಂದರೆ ಗ್ರೀಸ್ ದುಬಾರಿಯೂ ಅಲ್ಲ, ತೀರಾ ನಿಧಾನವೂ ಅಲ್ಲ. ಎಲೆಕ್ಟ್ರೋಡ್‌ಗೆ, ಅಂದರೆ ನೀರಿನಲ್ಲಿ ಮುಳುಗಿಸಿ ಕರೆಂಟ್ ಅಳೆಯುವ ಕಡ್ಡಿಗೆ, ಇರುವ ನಿಜವಾದ ಅನುಕೂಲ ಬೇರೆ. ನೀರು ಕೆಂಪಗೋ ಕದಡಿಯೋ ಇದ್ದರೂ ಅಳೆಯಬಹುದು. ಸಣ್ಣ ಪೆಟ್ಟಿಗೆಯಲ್ಲಿ ಬಾವಿ ಹತ್ತಿರಕ್ಕೇ ಒಯ್ಯಬಹುದು.

ಸ್ಕಾಲರ್ ಮಾಡಿದ್ದು ಇಷ್ಟು. 3 ಮಿಲಿಮೀಟರ್ ಅಗಲದ ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡ್. ಅದನ್ನು ಅಲ್ಯೂಮಿನಾ ಪುಡಿಯ ಮೇಲೆ ಇಂಗ್ಲಿಷ್ ಎಂಟರ ಆಕಾರದಲ್ಲಿ ಉಜ್ಜಿ ಕನ್ನಡಿ ಮಾಡುವುದು. ಮೇಲೆ ಕಾರ್ಬನ್ ನ್ಯಾನೋಟ್ಯೂಬ್, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಾರ್ಬನ್ ಕೊಳವೆಗಳು, ಇರುವ ದ್ರವದ ಒಂದು ಹನಿ ಬಿಟ್ಟು ಒಣಗಿಸುವುದು. ಅದರ ಮೇಲೆ ಕರೆಂಟ್ ಕೊಟ್ಟು ಚಿನ್ನದ ನ್ಯಾನೋ ಕಣ ಕೂರಿಸುವುದು. ನೈಟ್ರೈಟ್ ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ನೈಟ್ರೇಟ್ ಆಗುತ್ತದೆ. ಆ ಎಲೆಕ್ಟ್ರಾನ್‌ಗಳೇ ನಾವು ಅಳೆಯುವ ಕರೆಂಟ್. ವೋಲ್ಟೇಜ್ ಏರಿಸುತ್ತಾ ಹೋದರೆ ಒಂದು ಕಡೆ ಕರೆಂಟ್ ಗುಡ್ಡದಂತೆ ಏಳುತ್ತದೆ, ಅದೇ ಪೀಕ್. ಬರೀ ಕಾರ್ಬನ್ ಮೇಲೆ ಇದು 0.95 ವೋಲ್ಟ್ ಹತ್ತಿರ ಆಗುತ್ತಿತ್ತು, ಅಗಲವಾದ ಸೋಮಾರಿ ಪೀಕ್. ಚಿನ್ನ ಕೂತ ಮೇಲೆ 0.78 ವೋಲ್ಟ್‌ಗೇ ಬಂತು. ಚೂಪಾಗಿ, ಮೂರು ಪಟ್ಟು ಎತ್ತರವಾಗಿ. ಆಕೆ ಮೊದಲ ಗ್ರಾಫ್ ಪ್ರಿಂಟ್ ತೆಗೆದು ಡೆಸ್ಕಿನ ಮುಂದೆ ಅಂಟಿಸಿಕೊಂಡಿದ್ದಳು.

ಇಲ್ಲಿ ಒಂದು ಮಾತು. ಈ ಕ್ಷೇತ್ರದಲ್ಲಿ ಪೀಕ್ ಎತ್ತರವಾದರೆ "ವೇಗವರ್ಧನೆ" ಅಂತ ಬರೆದುಬಿಡುವ ಚಟ ಇದೆ. ರಂಧ್ರ ರಂಧ್ರವಾದ ಪದರದೊಳಗೆ ದ್ರಾವಣ ನಿಂತುಕೊಂಡರೂ ಪೀಕ್ ಜರುಗುತ್ತದೆ, ಎತ್ತರವೂ ಆಗುತ್ತದೆ. ನ್ಯಾನೋಟ್ಯೂಬ್‌ಗಳ ಕೆಲವು ಪವಾಡಗಳ ಹಿಂದೆ ತಯಾರಿಯಲ್ಲಿ ಉಳಿದ ಲೋಹದ ಕಲ್ಮಶ ಇತ್ತು ಅಂತ ಆಕ್ಸ್‌ಫರ್ಡಿನ ರಿಚರ್ಡ್ ಕಾಂಪ್ಟನ್ ತಂಡ 2006ರಲ್ಲೇ ತೋರಿಸಿತ್ತು. 2020ರಲ್ಲಿ ಪ್ರಾಗ್‌ನ ಮಾರ್ಟಿನ್ ಪ್ಯೂಮೆರಾ ಮತ್ತು ಜೊತೆಗಾರರು ಗ್ರಾಫೀನ್ ಅನ್ನುವ ತೆಳು ಕಾರ್ಬನ್ ಹಾಳೆಗೆ ಹಕ್ಕಿ ಹಿಕ್ಕೆ ಬೆರೆಸಿ, ಅದೂ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಪ್ರಕಟಿಸಿದರು. ತಮಾಷೆಯೂ ಹೌದು, ಕಪಾಳಮೋಕ್ಷವೂ ಹೌದು.

ತೊಂದರೆ

ಮೂರನೇ ವರ್ಷದ ಸಮಿತಿ ಸಭೆಗೆ ಆಕೆ ಪೇಪರ್ ಬರೆದುಕೊಂಡೇ ಬಂದಿದ್ದಳು. ಪತ್ತೆಯ ಮಿತಿ, ಅಂದರೆ ಸೆನ್ಸರ್ ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣ, 0.03 ಮೈಕ್ರೋಮೋಲಾರ್. ಬೋರ್‌ವೆಲ್ ನೀರಿಗೆ ಗೊತ್ತಿರುವಷ್ಟು ನೈಟ್ರೈಟ್ ಬೆರೆಸಿ ಅಳೆದಾಗ ಸಿಕ್ಕಿದ್ದು 98.4, 101.2, 99.1 ಶೇಕಡಾ. ಟೇಬಲ್ ಮುದ್ದಾಗಿತ್ತು.

"0.03 ಅಂದ್ಯಲ್ಲಮ್ಮ, 0.1 ಹಾಕಿದ ಗ್ರಾಫ್ ತೋರಿಸು" ಅಂದೆ. ಅವಳ ಬಳಿ ಇರಲಿಲ್ಲ. ಅವಳು ಅಳೆದ ಅತಿ ಕಡಿಮೆ ಪ್ರಮಾಣ 0.5. ಉಳಿದದ್ದು ಸೂತ್ರಕ್ಕೆ ಹಾಕಿ ತೆಗೆದ ಲೆಕ್ಕ. ಸಂಜೆ ಲ್ಯಾಬಿಗೆ ಹೋಗಿ 0.1 ಹಾಕಿ ನೋಡಿದೆವು. ಏನೂ ಹಾಕದ ಬ್ಲಾಂಕ್ ಗೆರೆ, ಈ ಗೆರೆ ಎರಡೂ ಒಂದರ ಮೇಲೊಂದು ಕೂತವು.

ಅದು ಸಣ್ಣ ವಿಷಯ. ಎಲ್ಲರೂ ಮಾಡುವ ತಪ್ಪು. ದೊಡ್ಡದು ಆಮೇಲೆ ಬಂತು. "ಬೋರ್‌ವೆಲ್ ನೀರನ್ನ ಎಷ್ಟು ತೆಳು ಮಾಡಿದ್ದೀ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಐವತ್ತು ಪಟ್ಟು, ಸರ್. ಬಫರ್ ಹಾಕಿ." ಬಫರ್ ಅಂದರೆ ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ. ನೈಟ್ರೈಟ್ ಬೆರೆಸಿದ್ದು ತೆಳು ಮಾಡುವ ಮುಂಚೆಯೋ ಆಮೇಲೋ? ಆಮೇಲೆ.

ಅಂದರೆ ಅವಳು ಅಳೆದದ್ದು ಬೋರ್‌ವೆಲ್ ನೀರನ್ನಲ್ಲ. ಎರಡು ಚಮಚ ಬೋರ್‌ವೆಲ್ ನೀರು ಬಿದ್ದ ಬಫರನ್ನು. 98.4 ಬಾರದೆ ಇನ್ನೇನು ಬರುತ್ತದೆ?

ಯಾಕೆ ಹಾಗೆ ಮಾಡಿದಳು ಅನ್ನುವುದಕ್ಕೂ ಕಾರಣ ಇತ್ತು. ನೇರ ಬೋರ್‌ವೆಲ್ ನೀರಿಗೆ ಫಾಸ್ಫೇಟ್ ಬಫರ್ ಬೆರೆಸಿದ ಕೂಡಲೇ ಬೀಕರ್ ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಗಡಸು ನೀರಿನ ಕ್ಯಾಲ್ಸಿಯಂ, ಫಾಸ್ಫೇಟ್ ಜೊತೆ ಸೇರಿ ಗಟ್ಟಿಯಾಗಿತ್ತು, ಅಷ್ಟೇ. ಅವಳು ಗಾಬರಿಯಾಗಿ ಗೈಡ್ ಹತ್ತಿರ ಹೋಗಿದ್ದಳು. "ಡೈಲ್ಯೂಟ್ ಮಾಡಮ್ಮ, ಎಲ್ಲರೂ ಹಾಗೇ ಮಾಡೋದು" ಅಂದಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಎಲ್ಲರೂ ಹಾಗೇ ಮಾಡುತ್ತಾರೆ.

ತೆಳು ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಲೆಕ್ಕ ನೋಡಿ. 65 ಅನ್ನು 50ರಿಂದ ಭಾಗಿಸಿದರೆ 1.3. ಅಲ್ಲಿ ಅವಳ ಅಳತೆ 0.4ರಷ್ಟು ಆಚೀಚೆ ಓಲಾಡುತ್ತಿತ್ತು. ಮತ್ತೆ ಐವತ್ತರಿಂದ ಗುಣಿಸಿದರೆ ಆ ಓಲಾಟ 20 ಆಗುತ್ತದೆ. 65 ಇದೆಯೋ 45 ಇದೆಯೋ ಹೇಳಲಾಗದ ಯಂತ್ರ ಬಾವಿ ಹತ್ತಿರ ಯಾರಿಗೆ ಬೇಕು?

ಗೈಡ್ ಒಂದು ಪ್ರಶ್ನೆ ಮುಂದಿಟ್ಟರು. ನ್ಯಾಯವಾದದ್ದೇ. ಫೆಲೋಶಿಪ್ ಮುಗಿಯಲು ಹನ್ನೊಂದು ತಿಂಗಳಿದೆ, ಥೀಸಿಸ್‌ಗೆ ಇನ್ನೊಂದು ಪೇಪರ್ ಬೇಕೇ ಬೇಕು, ಇದು ಕಳಿಸಿದರೆ ಎಲ್ಲೋ ಒಂದು ಕಡೆ ಬಂದೇ ಬರುತ್ತದೆ. ಹಿಂದೆ ಕೂತಿದ್ದ ಅವಳೇ ಎದ್ದು ಹೇಳಿದಳು: "ಎರಡು ತಿಂಗಳು ಕೊಡಿ ಸರ್. ನೇರ ನೀರಲ್ಲೇ ನೋಡ್ತೀನಿ. ಆಗಲಿಲ್ಲ ಅಂದ್ರೆ ಇದನ್ನೇ ಕಳಿಸೋಣ." ಈ ಪ್ರಕರಣದಲ್ಲಿ ಮೊದಲ ತಿರುವು ಇದು. ಎರಡು ತಿಂಗಳು ಅಂದದ್ದು ಐದಾಯಿತು, ಆ ಮಾತು ಬೇರೆ.

ಏನೇನು ಮಾಡಿ ನೋಡಿದರು

ಮಜ್ಜಿಗೆಯ ಸಮಸ್ಯೆ ಒಂದೇ ದಿನದಲ್ಲಿ ಮುಗಿಯಿತು. ಫಾಸ್ಫೇಟ್ ಬಿಟ್ಟು ಪಿಎಚ್ 5ರ ಅಸಿಟೇಟ್ ಬಫರ್ ಹಾಕಿದಳು. ಗಟ್ಟಿ ಬಫರ್ ಒಂದು ಪಾಲು, ನೀರು ಒಂಬತ್ತು ಪಾಲು. ನೀರು ತಿಳಿಯಾಗಿಯೇ ಉಳಿಯಿತು. ಪಿಎಚ್ ಇನ್ನೂ ಇಳಿಸಿದರೆ, 3ರ ಹತ್ತಿರ, ನೈಟ್ರೈಟ್ ನೈಟ್ರಸ್ ಆಮ್ಲವಾಗಿ ಒಡೆದು ಹೋಗುತ್ತದೆ. 5ರಲ್ಲಿ ಆ ಭಯ ಇಲ್ಲ.

ಆದರೆ ಹೊಸ ತೊಂದರೆ ಕಂಡಿತು. ಅದೇ ಬೀಕರ್, ಅದೇ ನೀರು, ಅದೇ ಎಲೆಕ್ಟ್ರೋಡ್, ಒಂದಾದ ಮೇಲೊಂದು ಅಳತೆ. ಮೊದಲ ಸಲ 6.1 ಮೈಕ್ರೋಆಂಪಿಯರ್. ಐದನೇ ಸಲ 4.6. ಹತ್ತನೇ ಸಲ 2.9. ಸವೆದ ಬಳಪದ ಹಾಗೆ ಇಳಿಯುತ್ತಲೇ ಹೋಯಿತು.

ಎಲೆಕ್ಟ್ರೋಡ್ ಮೇಲೆ ಏನೋ ಕೂರುತ್ತಿದೆ ಅಂತ ಮೊದಲು ಎಲ್ಲರೂ ಅಂದುಕೊಂಡೆವು. ನಾನೂ ಅಂದುಕೊಂಡೆ. ಪದರ ಕೂರದಂತೆ ತಡೆಯಲು ಅವಳು ನ್ಯಾಫಿಯಾನ್ ಅನ್ನುವ ಪಾಲಿಮರ್ ಬಳಿದಳು, ಪೇಪರ್‌ಗಳಲ್ಲಿ ಎಲ್ಲರೂ ಬಳಿಯುತ್ತಾರೆ ಅಂತ. ಕರೆಂಟ್ ಅರ್ಧಕ್ಕಿಳಿಯಿತು. ಇಳಿಯಲೇಬೇಕಿತ್ತು. ನ್ಯಾಫಿಯಾನ್ ಪದರಕ್ಕೆ ಋಣ ಆವೇಶ, ನೈಟ್ರೈಟ್‌ಗೂ ಋಣ ಆವೇಶ. ಬಾಗಿಲಿಗೆ ಕಾವಲು ಇಟ್ಟು ಮನೆಯವರನ್ನೇ ಹೊರಗೆ ನಿಲ್ಲಿಸಿದ ಹಾಗೆ. ಮೂರು ವಾರ ಅದರಲ್ಲಿ ಹೋಯಿತು. ವೋಲ್ಟೇಜ್ ಅಳತೆಗೆ ಆಧಾರವಾಗಿ ಇಡುವ ರೆಫರೆನ್ಸ್ ಎಲೆಕ್ಟ್ರೋಡ್ ಮೇಲೂ ಅನುಮಾನ ಪಟ್ಟರು, ಅದು ಸರಿಯಾಗಿತ್ತು.

ಆಮೇಲೆ ಅವಳು ಮಾಡಿದ್ದು ಈ ಇಡೀ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಭಾಗ. ಬೋರ್‌ವೆಲ್ ನೀರನ್ನು ತಾನೇ ತಯಾರಿಸಲು ಕೂತಳು. ಶುದ್ಧ ನೀರಿನ ಬಫರ್ ತೆಗೆದುಕೊಂಡು ಒಂದೊಂದೇ ಲವಣ ಹಾಕುತ್ತಾ ಹೋದಳು. ಕ್ಯಾಲ್ಸಿಯಂ ಸಲ್ಫೇಟ್: ಹತ್ತು ಅಳತೆ, ಪೀಕ್ ಅಲ್ಲಾಡಲಿಲ್ಲ. ಮೆಗ್ನೀಸಿಯಂ ಸಲ್ಫೇಟ್: ಏನಿಲ್ಲ. ಕೊನೆಗೆ ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್. ಆ ಬೋರ್‌ವೆಲ್‌ನಲ್ಲಿ ಕ್ಲೋರೈಡ್ ಲೀಟರಿಗೆ ಸುಮಾರು 400 ಮಿಲಿಗ್ರಾಂ ಇತ್ತು. ನಮ್ಮ ಕಡೆ ಅದೇನು ಅಪರೂಪವಲ್ಲ, ಚಹಾ ಕುಡಿದರೇ ಗೊತ್ತಾಗುತ್ತದೆ. ಅಷ್ಟೇ ಹಾಕಿದಳು. ಪೀಕ್ ಅದೇ ಇಳಿಜಾರಿನಲ್ಲಿ ಇಳಿಯಿತು.

ಮೇಲೆ ಏನೋ ಕೂರುತ್ತಿಲ್ಲ, ಇದ್ದದ್ದೇ ಕರಗಿಹೋಗುತ್ತಿದೆ ಅಂತ ಆಗ ಹೊಳೆಯಿತು. ಕ್ಲೋರೈಡ್ ಇರುವ ನೀರಿನಲ್ಲಿ ಚಿನ್ನಕ್ಕೆ ಜಾಸ್ತಿ ಧನ ವೋಲ್ಟೇಜ್ ಕೊಟ್ಟರೆ ಚಿನ್ನ ಕ್ಲೋರೈಡ್ ಜೊತೆ ಸೇರಿ ನೀರಿಗಿಳಿಯುತ್ತದೆ. ರಾಜದ್ರಾವಕ ಚಿನ್ನ ಕರಗಿಸುವುದಕ್ಕೂ ಕ್ಲೋರೈಡೇ ಅರ್ಧ ಕಾರಣ. ಅವಳು ಪ್ರತಿ ಸಲ 1.0 ವೋಲ್ಟ್‌ವರೆಗೆ ಹೋಗುತ್ತಿದ್ದಳು. ಅಷ್ಟು ಕ್ಲೋರೈಡ್‌ಗೆ 0.8 ದಾಟಿದರೆ ಸಾಕು, ಕರಗುವುದು ಶುರು. ಕಣ ಸಣ್ಣದಾದಷ್ಟೂ ಬೇಗ. ನೈಟ್ರೈಟ್ ಪೀಕ್ ಇರುವುದೇ 0.78ರಲ್ಲಿ, ಪೀಕ್ ಪೂರ್ತಿ ಕಾಣಲು ಅದನ್ನು ದಾಟಲೇಬೇಕು. ಅಳೆಯಬೇಕಾದರೆ ಕರಗಿಸಲೇಬೇಕು ಅನ್ನುವಂತಾಯಿತು.

ಅನುಮಾನ ಉಳಿಯಬಾರದು ಅಂತ ಎಲೆಕ್ಟ್ರೋಡನ್ನು ತೆಳು ಸಲ್ಫ್ಯೂರಿಕ್ ಆಮ್ಲದಲ್ಲಿ ಇಟ್ಟು ನೋಡಿದಳು. ಅಲ್ಲಿ ಚಿನ್ನದ ಆಕ್ಸೈಡ್ ಮರಳಿ ಚಿನ್ನವಾಗುವ ಪೀಕ್ ಒಂದು ಬರುತ್ತದೆ. ಅದರ ವಿಸ್ತೀರ್ಣ ಎಷ್ಟೋ, ಮೈಮೇಲೆ ಚಿನ್ನ ಅಷ್ಟು. ಬೋರ್‌ವೆಲ್ ನೀರಿನಲ್ಲಿ ಇಪ್ಪತ್ತು ಸಲ ಓಡಿಸಿದ ಮೇಲೆ ಮೂರನೇ ಒಂದು ಪಾಲು ಉಳಿದಿತ್ತು. ಬೆಳಕಿಗೆ ಹಿಡಿದರೆ ಕಪ್ಪು ಬಿಲ್ಲೆಯ ಮೇಲಿದ್ದ ಕಂದು ಹೊಂಬಣ್ಣ ಅಂಚಿನಲ್ಲಿ ಮಾತ್ರ.

ಇಷ್ಟು ದಿನ ಇದು ಯಾಕೆ ಕಾಣಲಿಲ್ಲ? ಅವಳ ಬಫರ್ ಬಾಟಲಿಯ ಮೇಲೆ "ಪಿಬಿಎಸ್" ಅಂತ ಬರೆದಿತ್ತು. ಕೊನೆಯ ಎಸ್ ಅಂದರೆ ಸಲೈನ್, ಉಪ್ಪುನೀರು. ಆದರೆ ಅದರಲ್ಲಿ ಉಪ್ಪೇ ಇರಲಿಲ್ಲ, ಬರೀ ಫಾಸ್ಫೇಟ್. ನಮ್ಮ ಲ್ಯಾಬುಗಳಲ್ಲಿ ಎಲ್ಲ ಫಾಸ್ಫೇಟ್ ಬಫರ್‌ಗೂ ಪಿಬಿಎಸ್ ಅನ್ನುವುದು ರೂಢಿ. ಹೆಸರಿಗೆ ತಕ್ಕಂತೆ ಉಪ್ಪು ಇದ್ದಿದ್ದರೆ ಮೊದಲ ವರ್ಷದಲ್ಲೇ ಸಿಕ್ಕಿಬೀಳುತ್ತಿತ್ತು. ಇನ್ನೊಂದು: "ನೂರು ಪಟ್ಟು ಕ್ಲೋರೈಡ್ ಹಾಕಿದರೂ ಅಡ್ಡಿಯಿಲ್ಲ" ಅಂತ ಅವಳ ಟೇಬಲ್ ಹೇಳುತ್ತಿತ್ತು. ಅವಳು ಹಾಕಿದ್ದ ನೈಟ್ರೈಟ್ 20 ಮೈಕ್ರೋಮೋಲಾರ್, ಅದರ ನೂರು ಪಟ್ಟು ಅಂದರೆ 2 ಮಿಲಿಮೋಲಾರ್. ಬೋರ್‌ವೆಲ್‌ನಲ್ಲಿ ಇದ್ದದ್ದು 11. ಅದೂ ಒಂದೇ ಒಂದು ಸಲ ಓಡಿಸಿ ನೋಡಿದ್ದು. ಸುಳ್ಳು ಬರೆದಿರಲಿಲ್ಲ, ಉಪಯೋಗಕ್ಕೆ ಬಾರದ ಸತ್ಯ ಬರೆದಿದ್ದಳು.

ಚಿನ್ನ ಬಿಡುವುದು

ದಾರಿಗಳನ್ನು ಒಂದೊಂದಾಗಿ ನೋಡಿದರು. ಬೆಳ್ಳಿ ಲವಣ ಹಾಕಿ ಕ್ಲೋರೈಡ್ ತೆಗೆಯುವುದು: ದುಬಾರಿ, ಮೇಲಾಗಿ ಉಳಿದ ಬೆಳ್ಳಿ ಎಲೆಕ್ಟ್ರೋಡ್ ಮೇಲೆ ಹೋಗಿ ಕೂರುತ್ತದೆ. ಐದು ಪಟ್ಟು ತೆಳು ಮಾಡುವುದು: ಕರಗುವುದು ನಿಧಾನವಾಯಿತು, ನಿಲ್ಲಲಿಲ್ಲ. ಪ್ರತಿ ಅಳತೆಗೂ ಹೊಸದಾಗಿ ಚಿನ್ನ ಕೂರಿಸುವುದು: ಕೂರಿಸುವ ಚಿನ್ನ ಪ್ರತಿ ಸಲ ಒಂದೇ ಸಮ ಬರಬೇಕಲ್ಲ.

ಅವಳ ನೋಟ್‌ಬುಕ್ಕಿನಲ್ಲಿ ಮೊದಲಿಂದಲೂ ಇನ್ನೊಂದು ಎಲೆಕ್ಟ್ರೋಡ್ ಇತ್ತು. ಚಿನ್ನ ಇಲ್ಲದ, ಬರೀ ನ್ಯಾನೋಟ್ಯೂಬ್ ಇರುವುದು. ಪಕ್ಕದಲ್ಲಿ "ಹೋಲಿಕೆಗೆ" ಅಂತ ಬರೆದಿತ್ತು. ಚಿನ್ನದ್ದು ಎಷ್ಟು ಚೆನ್ನಾಗಿದೆ ಅಂತ ತೋರಿಸಲು ಇಟ್ಟುಕೊಂಡ ಬಡಪಾಯಿ. ಅದರ ಪೀಕ್ 0.86 ವೋಲ್ಟ್‌ನಲ್ಲಿ, ಎತ್ತರ ಅರ್ಧಕ್ಕಿಂತ ಕಡಿಮೆ. ಆದರೆ ಕಾರ್ಬನ್‌ಗೆ ಆ ವೋಲ್ಟೇಜಿನಲ್ಲಿ ಕ್ಲೋರೈಡ್ ಏನೂ ಮಾಡುವುದಿಲ್ಲ. ಬೋರ್‌ವೆಲ್ ನೀರಿನಲ್ಲಿ ಹತ್ತು, ಇಪ್ಪತ್ತು, ನಲವತ್ತು ಸಲ ಓಡಿಸಿದಳು. ನಲವತ್ತನೆಯದು ಮೊದಲನೆಯದಕ್ಕಿಂತ ಶೇಕಡಾ 6ರಷ್ಟು ಮಾತ್ರ ಕಡಿಮೆ. ನಿಜವಾಗಿ ಹಾಕಿ ನೋಡಿದಾಗ ನಂಬಬಹುದಾದ ಅತಿ ಕಡಿಮೆ ಅಳತೆ 2 ಮೈಕ್ರೋಮೋಲಾರ್.

ಗೈಡ್‌ಗೆ ಹೇಳಿದಾಗ ಅವರ ಮೊದಲ ಮಾತು: "ಥೀಸಿಸ್ ಟೈಟಲ್‌ನಲ್ಲೇ ಚಿನ್ನ ಇದೆಯಲ್ಲಮ್ಮ!" ನಗು ಬಂದರೂ ಮಾತು ನಿಜವೇ. ಶೀರ್ಷಿಕೆ ಬದಲಿಸಲು ಅರ್ಜಿ, ಸಮಿತಿ, ಸಹಿ, ಎಲ್ಲಾ ಬೇಕು. 0.03ರಿಂದ 2ಕ್ಕೆ ಇಳಿದ ಸೆನ್ಸರನ್ನು ಯಾವ ಪತ್ರಿಕೆ ತೆಗೆದುಕೊಳ್ಳುತ್ತದೆ ಅನ್ನುವ ಚಿಂತೆ ಬೇರೆ. ಆಗ ಅವಳು ಬೋರ್ಡಿನ ಮೇಲೆ ಮೂರು ಸಂಖ್ಯೆ ಬರೆದಳು. 65. ಅದರ ಕೆಳಗೆ 2. ಅದರ ಕೆಳಗೆ 0.03. "ಬೇಕಾಗಿರೋದು ಮೇಲಿಂದು ಸರ್. ಅದಕ್ಕೆ ಎರಡೇ ಜಾಸ್ತಿ ಆಯ್ತು." ಗೈಡ್ ಸ್ವಲ್ಪ ಹೊತ್ತು ಬೋರ್ಡ್ ನೋಡಿ, "ಅರ್ಜಿ ಬರಿ" ಅಂದರು. ಈ ಪ್ರಕರಣದ ನಡುಗಂಬ ಇದೇ ಅಂತ ನನಗನ್ನಿಸುತ್ತದೆ. ಮೂರು ವರ್ಷ ನಾವೆಲ್ಲ ಸೊನ್ನೆಗಳ ಹಿಂದೆ ಓಡಿದ್ದೆವು. ಬಾವಿಯವರಿಗೆ ಎಷ್ಟು ಬೇಕು ಅಂತ ಮೊದಲ ದಿನವೇ ಗೋಡೆ ಮೇಲೆ ಬರೆದಿಟ್ಟಿದ್ದರೆ ಚಿನ್ನದ ಮಾತೇ ಬರುತ್ತಿರಲಿಲ್ಲವೇನೋ.

ನಲ್ಲಿ ನೀರಿನ ಏಳು

ಇನ್ನೊಂದು ಗಂಟು ಉಳಿದಿತ್ತು. ಕ್ಯಾಂಪಸ್ಸಿನ ನಲ್ಲಿ ನೀರು. ಅಲ್ಲಿ ಹೊಸ ಎಲೆಕ್ಟ್ರೋಡ್ ಕೂಡ ಕಡಿಮೆ ತೋರಿಸುತ್ತಿತ್ತು. 10 ಮೈಕ್ರೋಮೋಲಾರ್ ನೈಟ್ರೈಟ್ ಬೆರೆಸಿದರೆ 3.2 ಸಿಗುತ್ತದೆ. 20ಕ್ಕೆ 12.9. 50ಕ್ಕೆ 43. ಶೇಕಡಾ ಲೆಕ್ಕದಲ್ಲಿ 32, 65, 86. ತಲೆಬುಡ ಇಲ್ಲದ ಸಂಖ್ಯೆಗಳು, ಅಲ್ವಾ? ಅವಳೂ ಒಂದು ವಾರ ಹಾಗೇ ಅಂದುಕೊಂಡಿದ್ದಳು.

ಶೇಕಡಾ ಬಿಟ್ಟು ಕಳೆದು ನೋಡಿ. 10ರಲ್ಲಿ 3.2 ಹೋದರೆ 6.8. 20ರಲ್ಲಿ 12.9 ಹೋದರೆ 7.1. 50ರಲ್ಲಿ 43 ಹೋದರೆ 7. ಪ್ರತಿ ಸಲವೂ ಏಳು ಮಾಯ. ಎಲೆಕ್ಟ್ರೋಡ್ ಕೆಟ್ಟಿದ್ದರೆ ಕೊರತೆ ಬೆರೆಸಿದಷ್ಟಕ್ಕೆ ತಕ್ಕಂತೆ ಹೆಚ್ಚಬೇಕಿತ್ತು. ಒಂದೇ ಸಮ ಏಳು ಅಂದರೆ ನೀರಿನಲ್ಲೇ ಯಾರೋ ಕೂತು ಏಳನ್ನು ತಿನ್ನುತ್ತಿದ್ದಾರೆ.

ಯಾರು ಅಂತ ಹೇಳಿದ್ದು ಅಟೆಂಡರ್. ಬೀಕರ್ ತೊಳೆಯುತ್ತಾ, "ಸೋಮವಾರ ಬೆಳಿಗ್ಗೆ ನೀರು ಹಿಡೀಬೇಡಿ ಮೇಡಂ, ಆವತ್ತು ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿರ್ತಾರೆ, ವಾಸ್ನೆ" ಅಂದರು. ಅವಳು ಸ್ಯಾಂಪಲ್ ಹಿಡಿಯುತ್ತಿದ್ದದ್ದೇ ಸೋಮವಾರ. ಊರಿನಲ್ಲಿ ಆರೋಗ್ಯ ಕಾರ್ಯಕರ್ತರು ಹಿಡಿದು ಓಡಾಡುವ, ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪ್ ತಂದು ಹನಿ ಹಾಕಿದರೆ ನೀರು ಹಳದಿಯಾಯಿತು. ಲೀಟರಿಗೆ ಸುಮಾರು 0.5 ಮಿಲಿಗ್ರಾಂ ಕ್ಲೋರಿನ್. ಅದನ್ನು ನಮ್ಮ ಲೆಕ್ಕಕ್ಕೆ ತಿರುಗಿಸಿದರೆ 7 ಮೈಕ್ರೋಮೋಲಾರ್. ಕ್ಲೋರಿನ್ ಒಂದಕ್ಕೆ ಒಂದರಂತೆ ನೈಟ್ರೈಟನ್ನು ನೈಟ್ರೇಟ್ ಮಾಡಿಬಿಡುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲದಿದ್ದರೂ ನಾವು ಅಳೆಯಲು ಕೂರುವಷ್ಟರಲ್ಲಿ. ಗ್ರೀಸ್ ಪರೀಕ್ಷೆಯಲ್ಲೂ ಅದೇ ಏಳು ಕಡಿಮೆ ಬಂತು. ಸೆನ್ಸರ್ ಸರಿಯಾಗೇ ಹೇಳುತ್ತಿತ್ತು. ಪ್ರಶ್ನೆ ಕೇಳಿದ ರೀತಿ ತಪ್ಪಾಗಿತ್ತು.

ಕ್ಲೋರಿನ್ ಕೊಲ್ಲಲು ಥಯೋಸಲ್ಫೇಟ್ ಅಥವಾ ವಿಟಮಿನ್ ಸಿ ಹಾಕೋಣ ಅನ್ನುವ ಯೋಚನೆ ಬಂತು. ಎರಡೂ ಎಲೆಕ್ಟ್ರೋಡ್ ಮೇಲೆ ತಾವೇ ಉರಿದು ಕರೆಂಟ್ ಕೊಡುತ್ತವೆ, ಹಾಗಾಗಿ ಕೈಬಿಟ್ಟರು. ಪೇಪರಿನಲ್ಲಿ ನಲ್ಲಿ ನೀರಿನ ಟೇಬಲ್ ತೆಗೆಯಲಿಲ್ಲ. 32, 65, 86 ಹಾಗೇ ಇಟ್ಟು, ಕ್ಲೋರಿನ್ ಅಳತೆ ಪಕ್ಕದಲ್ಲಿ ಕೊಟ್ಟರು.

ಆಮೇಲೆ

ಮೊದಲ ಪತ್ರಿಕೆ "ಹೊಸತನ ಇಲ್ಲ" ಅಂತ ವಾಪಸ್ ಕಳಿಸಿತು. ಎರಡನೆಯದರಲ್ಲಿ ಒಬ್ಬ ವಿಮರ್ಶಕರು ಚಿನ್ನ ಕರಗಿದ ಗ್ರಾಫನ್ನು ಅನುಬಂಧದಿಂದ ತೆಗೆದು ಮುಖ್ಯ ಪಠ್ಯಕ್ಕೆ ತನ್ನಿ ಅಂದರು. ಒಂಬತ್ತನೇ ತಿಂಗಳಿಗೆ ಸ್ವೀಕಾರವಾಯಿತು. ನಮ್ಮ ಸಮಿತಿ ಈಗ ಹೊಸ ಸ್ಕಾಲರ್‌ಗಳಿಂದ ಎರಡು ವಿಷಯ ಕೇಳುತ್ತದೆ. ನೈಟ್ರೈಟ್ ಬೆರೆಸಿದ್ದು ತೆಳು ಮಾಡುವ ಮುಂಚೆಯೋ ಆಮೇಲೋ ಅಂತ ಟೇಬಲ್‌ನಲ್ಲೇ ಬರೆಯಬೇಕು. ಶೇಕಡಾ ಜೊತೆಗೆ ಬೆರೆಸಿದ್ದರಲ್ಲಿ ಸಿಕ್ಕಿದ್ದನ್ನು ಕಳೆದ ಲೆಕ್ಕವನ್ನೂ ಕೊಡಬೇಕು.

ಸುತ್ತಲಿನ ಕೆಲವು ಬೋರ್‌ವೆಲ್‌ಗಳಲ್ಲಿ ಸ್ಥಳದಲ್ಲೇ ಅಳೆದರು. ಬಾಟಲಿಯಲ್ಲಿ ತುಂಬಿ ಬಸ್ಸಿನಲ್ಲಿ ತರುವಷ್ಟರಲ್ಲಿ ಬ್ಯಾಕ್ಟೀರಿಯಾ ತಮ್ಮ ಕೆಲಸ ಮಾಡಿರುತ್ತವೆ, ಸಂಖ್ಯೆ ಬದಲಾಗಿರುತ್ತದೆ. ಹೆಚ್ಚಿನ ಕಡೆ 2ಕ್ಕಿಂತ ಕಡಿಮೆ. ಒಂದು ಕಡೆ ಮಾತ್ರ, ಕೊಟ್ಟಿಗೆಗೆ ಅಂಟಿಕೊಂಡ ಹಳೇ ಬೋರ್‌ವೆಲ್‌ನಲ್ಲಿ, 40ರ ಹತ್ತಿರ ಬಂತು. ಗ್ರೀಸ್‌ನಲ್ಲೂ ಅಷ್ಟೇ. ಮನೆಯ ಅಜ್ಜಿ ಪೆಟ್ಟಿಗೆ, ವೈರು, ಲ್ಯಾಪ್‌ಟಾಪ್ ಎಲ್ಲ ನೋಡಿ, "ಈ ನೀರು ನಾವು ಕುಡಿಯಕ್ಕಿಲ್ಲ ಕಣವ್ವ, ದನಕ್ಕೆ ಬಿಡದು" ಅಂದರಂತೆ.

ಅಲ್ಲಿಯೇ ಎಲೆಕ್ಟ್ರೋಡ್ ಮತ್ತೊಮ್ಮೆ ಸೋತದ್ದು. ಎಂಟು ಅಳತೆಯಾದ ಮೇಲೆ ಪೀಕ್ ಕುಗ್ಗತೊಡಗಿತು. ಈ ಸಲ ಕರಗಲು ಚಿನ್ನ ಇರಲಿಲ್ಲ, ನಿಜವಾಗಿಯೂ ಮೇಲೆ ಏನೋ ಕೂತಿತ್ತು. ಸದ್ಯಕ್ಕೆ ಒರೆಸಿ, ಉಜ್ಜಿ, ಹೊಸ ಹನಿ ಬಿಟ್ಟು ಒಣಗಿಸುತ್ತಾರೆ. ಇಪ್ಪತ್ತು ನಿಮಿಷ ಬೇಕು. ಬಳಸಿ ಎಸೆಯುವ ಪ್ರಿಂಟ್ ಮಾಡಿದ ಪಟ್ಟಿಗಳ ಮೇಲೆ ಅದೇ ನ್ಯಾನೋಟ್ಯೂಬ್ ಬಳಿದು ಇನ್ನೊಬ್ಬ ಸ್ಕಾಲರ್ ಈಗ ಶುರು ಮಾಡಿದ್ದಾನೆ. ಅವನ ಮೇಜಿನ ಕೆಳಗೆ ಆ ಕೊಟ್ಟಿಗೆ ಬೋರ್‌ವೆಲ್‌ನಿಂದ ತಂದ ಐದು ಲೀಟರ್ ಕ್ಯಾನ್ ಇದೆ.